ತೌಲನಿಕ ಸಾಹಿತ್ಯಕ್ಕೆ ಬಾಗಿಲು ತೆರೆದ ಬುದ್ಧದೇವ ಬಸು



ಬಿ.ಎ. ಅಂತಿಮ ವರ್ಷದಲ್ಲಿ ಓದುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ದಿನ ನಮ್ಮ ಶಾಲೆಗೆ ಬಂದಳು. ಕೈಯಲ್ಲಿ ವಿಶ್ವವಿದ್ಯಾಲಯವೊಂದರ ಪ್ರವೇಶ ಪ್ರಕಟಣೆ ಇತ್ತು. ಅದರಲ್ಲಿ ಎಂ.ಎ. ತೌಲನಿಕ ಸಾಹಿತ್ಯ ಎಂಬ ಸಾಲಿನ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದಳು. ಈ ಪ್ರವೇಶ ಪರೀಕ್ಷೆಗೆ ಯಾವ ಗೈಡ್ ಕೊಳ್ಳಬೇಕು ಎಂಬುದು ಅವಳ ಮೊದಲ ಪ್ರಶ್ನೆ. ಸ್ವಲ್ಪ ತಡೆದು ಎರಡನೆಯದನ್ನೂ ಕೇಳಿದಳು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ಬೆಳೆದು, ಮೂರರಲ್ಲಿ ಒಂದೂ ಪೂರ್ತಿಯಾಗಿ ತನ್ನದಾಗದೆ ಉಳಿದಿರುವವಳು ಇಂಥ ಅರ್ಜಿ ಹಾಕಬಹುದೇ ಎಂದಳು.

ಮೊದಲ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಎರಡನೆಯ ಪ್ರಶ್ನೆಗೆ ಒಬ್ಬ ಮಹನೀಯರ ಜೀವನವೇ ಉತ್ತರವೆಂದು ತೋರಿತು. ಆ ದಿನ ಅವಳಿಗೆ ಹೇಳಿದ್ದನ್ನೇ ಇನ್ನಷ್ಟು ವಿವರವಾಗಿ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ಆ ಮಹನೀಯರ ಹೆಸರು ಬುದ್ಧದೇವ ಬಸು. ಬಂಗಾಳಿ ಕವಿ, ಕಾದಂಬರಿಕಾರ, ನಾಟಕಕಾರ, ವಿಮರ್ಶಕ, ಅನುವಾದಕ, ಸಂಪಾದಕ. ಇವೆಲ್ಲಕ್ಕಿಂತ ನಮಗೆ ಇಲ್ಲಿ ಮುಖ್ಯವಾದದ್ದು, ಭಾರತದಲ್ಲಿ ತೌಲನಿಕ ಸಾಹಿತ್ಯದ ಮೊದಲ ವಿಭಾಗವನ್ನು ಕಟ್ಟಿದ ಅಧ್ಯಾಪಕ ಅವರು ಎಂಬುದು.

ಬುದ್ಧದೇವ ಬಸು ಹುಟ್ಟಿದ್ದು 1908ರ ನವೆಂಬರ್ 30ರಂದು, ಇಂದು ಬಾಂಗ್ಲಾದೇಶದಲ್ಲಿರುವ ಕೊಮಿಲ್ಲಾ ಪಟ್ಟಣದಲ್ಲಿ. ಅವರು ಹುಟ್ಟಿದ ಮರುದಿನದೊಳಗೇ ತಾಯಿ ತೀರಿಕೊಂಡರು. ಪತ್ನಿಯನ್ನು ಕಳೆದುಕೊಂಡ ತಂದೆ ಮನೆ ಬಿಟ್ಟು ಹೊರಟರು. ತಾಯಿಯ ಮುಖವನ್ನೇ ಕಾಣದ ಮಗುವನ್ನು ಸಾಕಿದವರು ತಾಯಿಯ ತಂದೆತಾಯಿಗಳು. ಕೊಮಿಲ್ಲಾ, ನವಾಖಾಲಿ, ಢಾಕಾ ಎಂದು ಊರೂರು ಬದಲಾದ ಬಾಲ್ಯ ಅದು. ಅಜ್ಜ ಚಿಂತಾಹರಣ ಸಿಂಹ ಪೊಲೀಸ್ ಇಲಾಖೆಯಲ್ಲಿದ್ದವರು. ಮೊಮ್ಮಗನಿಗೆ ಮನೆಯಲ್ಲೇ ಕೂರಿಸಿ ಇಂಗ್ಲಿಷ್ ಕಲಿಸಿದವರು ಅವರೇ. ಹೀಗೆ ಬಂಗಾಳಿ ಮನೆಯ ಜಗಲಿಯ ಮೇಲೆ ಎರಡು ಭಾಷೆಗಳು ಜೊತೆಜೊತೆಯಾಗಿ ಆ ಹುಡುಗನೊಳಗೆ ಇಳಿದವು.

ಢಾಕಾ ಕಾಲೇಜಿಯೇಟ್ ಶಾಲೆಯಿಂದ 1925ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕುಳಿತು ಐದನೆಯ ಸ್ಥಾನ ಪಡೆದರು. 1927ರಲ್ಲಿ ಇಂಟರ್ಮೀಡಿಯೆಟ್ ಪರೀಕ್ಷೆಯಲ್ಲಿ ಎರಡನೆಯ ಸ್ಥಾನ ಬಂತು. ಆಗಿನ್ನೂ ಹೊಸದಾಗಿದ್ದ, 1921ರಲ್ಲಿ ಆರಂಭವಾಗಿದ್ದ ಢಾಕಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ 1930ರಲ್ಲಿ ಬಿ.ಎ. ಆನರ್ಸ್, 1931ರಲ್ಲಿ ಎಂ.ಎ. ಮುಗಿಸಿದರು. ಎರಡರಲ್ಲೂ ಪ್ರಥಮ ದರ್ಜೆ, ಪ್ರಥಮ ಸ್ಥಾನ.

ಪರೀಕ್ಷೆಯ ದೃಷ್ಟಿಯಿಂದ ಇವರ ಜೀವನವನ್ನು ನೋಡುವ ನಮಗೆ ಇಲ್ಲೊಂದು ಪಾಠವಿದೆ. ಇಷ್ಟು ಅಂಕ ಗಳಿಸಿದ ವಿದ್ಯಾರ್ಥಿ ಪಠ್ಯಪುಸ್ತಕವೊಂದನ್ನೇ ಹಿಡಿದು ಕುಳಿತವರಲ್ಲ. ಇಂಟರ್ಮೀಡಿಯೆಟ್‌ನಲ್ಲಿ ದೊರೆತ ವಿದ್ಯಾರ್ಥಿವೇತನದ ಬಲದಿಂದ ಗೆಳೆಯ ಅಜಿತ್ ದತ್ತ ಅವರೊಂದಿಗೆ 1927ರಲ್ಲಿ 'ಪ್ರಗತಿ' ಎಂಬ ಮಾಸಪತ್ರಿಕೆಯನ್ನು ಮುದ್ರಿಸತೊಡಗಿದರು. ಕಾಜಿ ನಜ್ರುಲ್ ಇಸ್ಲಾಂ ಅವರ ರಚನೆಗಳು ಅದರಲ್ಲಿ ಬಂದವು. ಆಗ ಹಲವರ ಗೇಲಿಗೆ ಗುರಿಯಾಗಿದ್ದ ಜೀವನಾನಂದ ದಾಸ್ ಅವರ ಕವಿತೆಗಳನ್ನು ಪ್ರಕಟಿಸಿ, ಅವುಗಳ ಪರವಾಗಿ ಬರೆದವರೂ ಬುದ್ಧದೇವರೇ. ಹಗಲು ತರಗತಿಯಲ್ಲಿ ಇಂಗ್ಲಿಷ್ ಕಾವ್ಯ, ಸಂಜೆ ಬಂಗಾಳಿ ಪತ್ರಿಕೆಯ ಕರಡು ತಿದ್ದುವುದು. ಒಂದರಲ್ಲಿ ಓದಿದ್ದನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡುವ ಅಭ್ಯಾಸ ಅಲ್ಲಿಂದಲೇ ಬೆಳೆಯಿತು. ಆ ಅಭ್ಯಾಸಕ್ಕೆ ಒಂದು ಶಾಸ್ತ್ರದ ಹೆಸರು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಆಗಿನ್ನೂ ಬಂದಿರಲಿಲ್ಲ ಅಷ್ಟೇ.

1931ರಲ್ಲಿ ಅವರು ಢಾಕಾ ಬಿಟ್ಟು ಕಲ್ಕತ್ತೆಗೆ ಬಂದರು. 1934ರಲ್ಲಿ ರಾಣು ಸೋಮ್ ಅವರನ್ನು ವಿವಾಹವಾದರು. ಢಾಕಾದಲ್ಲಿ ನಜ್ರುಲ್ ಅವರಿಂದಲೇ ಹಾಡು ಕಲಿತಿದ್ದ ಈ ಗಾಯಕಿ ಮುಂದೆ ಪ್ರತಿಭಾ ಬಸು ಎಂಬ ಹೆಸರಿನಲ್ಲಿ ಬಂಗಾಳಿಯ ಜನಪ್ರಿಯ ಲೇಖಕಿಯಾದರು. ಅದೇ ವರ್ಷ ಬುದ್ಧದೇವರು ರಿಪನ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಹನ್ನೊಂದು ವರ್ಷಗಳ ಕಾಲ ಅಲ್ಲಿ ಪಾಠ ಹೇಳಿದರು.

1935ರಲ್ಲಿ 'ಕವಿತಾ' ಎಂಬ ತ್ರೈಮಾಸಿಕ ಆರಂಭವಾಯಿತು. ಕವಿತೆ ಮತ್ತು ಕಾವ್ಯವಿಮರ್ಶೆಗಷ್ಟೇ ಮೀಸಲಾಗಿದ್ದ ಈ ಪತ್ರಿಕೆಯನ್ನು ಅವರು 1961ರವರೆಗೆ, ಅಂದರೆ ಕಾಲು ಶತಮಾನ ನಡೆಸಿದರು. ಜೀವನಾನಂದರ ಪ್ರಸಿದ್ಧ 'ಬನಲತಾ ಸೇನ್' ಕವಿತೆ ಮೊದಲು ಬೆಳಕು ಕಂಡಿದ್ದು ಇದರಲ್ಲೇ. ದೇಶ ವಿಭಜನೆಯಾದ ಮೇಲೂ ಗಡಿಯಾಚೆಯ ಢಾಕಾದಿಂದ ಶಂಸುರ್ ರಹಮಾನ್, ಅಲ್ ಮಹಮೂದ್ ಅವರಂಥ ತರುಣರ ಕವಿತೆಗಳು ಕಲ್ಕತ್ತೆಯ ಈ ಪತ್ರಿಕೆಗೆ ಬಂದವು. ನೆಲಕ್ಕೆ ಗೆರೆ ಎಳೆದಿದ್ದರೂ ಭಾಷೆ ಒಂದೇ ಆಗಿತ್ತು. ರಾಸಬಿಹಾರಿ ಅವೆನ್ಯೂದ 202ನೇ ನಂಬರಿನ ಅವರ ಮನೆಗೆ 'ಕವಿತಾಭವನ' ಎಂದೇ ಹೆಸರಾಯಿತು. ಅಲ್ಲಿಂದ 1942ರ ಸುಮಾರಿಗೆ ಹದಿನಾರು ಪುಟಗಳ ಪುಟ್ಟ ಕವಿತಾ ಪುಸ್ತಕಗಳ ಮಾಲೆಯೊಂದು ಹೊರಟಿತು. ಬೆಲೆ ನಾಲ್ಕಾಣೆ. ಲೆಕ್ಕ ಹಾಕಿದರೆ ಪೈಸೆಗೊಂದು ಕವಿತೆ. ಪುಸ್ತಕ ಕೊಳ್ಳಲು ಹಣವಿಲ್ಲದವರ ಕೈಗೂ ಒಳ್ಳೆಯ ಕವಿತೆ ತಲುಪಬೇಕೆಂಬ ಕಳಕಳಿ ಅದರಲ್ಲಿತ್ತು.

ಈಗ ಆ ವಿಭಾಗದ ಕತೆಗೆ ಬರೋಣ. ವಂಗಭಂಗ ವಿರೋಧಿ ಚಳವಳಿಯ ದಿನಗಳಲ್ಲಿ, 1906ರಲ್ಲಿ, ಕಲ್ಕತ್ತೆಯಲ್ಲಿ ರಾಷ್ಟ್ರೀಯ ಶಿಕ್ಷಣ ಪರಿಷತ್ತು ಸ್ಥಾಪನೆಯಾಯಿತು. ಅದರ ಆಶ್ರಯದಲ್ಲಿ 1907ರಲ್ಲಿ ರವೀಂದ್ರನಾಥ ಠಾಕೂರರು ತೌಲನಿಕ ಸಾಹಿತ್ಯವನ್ನು ಕುರಿತು ಉಪನ್ಯಾಸ ನೀಡಿದರು. ಆ ವಿಷಯಕ್ಕೆ ಅವರೇ ಇಟ್ಟ ಹೆಸರು 'ವಿಶ್ವಸಾಹಿತ್ಯ'. ಅದೇ ಪರಿಷತ್ತಿನ ಸಂಸ್ಥೆ ಬೆಳೆದು 1955ರಲ್ಲಿ ಜಾದವಪುರ ವಿಶ್ವವಿದ್ಯಾಲಯವಾಯಿತು. ಮರುವರ್ಷ, 1956ರಲ್ಲಿ, ಅಲ್ಲಿ ತೌಲನಿಕ ಸಾಹಿತ್ಯ ವಿಭಾಗ ಆರಂಭವಾದಾಗ ಅದರ ಮುಖ್ಯಸ್ಥರಾಗಿ ಬಂದವರು ಬುದ್ಧದೇವ ಬಸು. ಸುಮಾರು ಐವತ್ತು ವರ್ಷಗಳ ಹಿಂದೆ ಒಂದು ಉಪನ್ಯಾಸದಲ್ಲಿ ಬಿದ್ದಿದ್ದ ಬೀಜ ಹೀಗೆ ತರಗತಿಯಾಗಿ ಮೊಳೆಯಿತು.

ಬುದ್ಧದೇವರ ಬಳಿ ತೌಲನಿಕ ಸಾಹಿತ್ಯದ ಪದವಿ ಇರಲಿಲ್ಲ. ದೇಶದಲ್ಲಿ ಅಂಥ ಪದವಿಯೇ ಇಲ್ಲದಿದ್ದಾಗ ಇರುವುದಾದರೂ ಹೇಗೆ? ಅವರ ಅರ್ಹತೆ ಎಂದರೆ ಮೂವತ್ತು ವರ್ಷಗಳ ಓದು. ಇಂಗ್ಲಿಷ್ ಎಂ.ಎ., ಬಂಗಾಳಿ ಬರವಣಿಗೆ, ಸಂಸ್ಕೃತದ ಒಲವು, ಯೂರೋಪಿನ ಕಾವ್ಯದ ಅಭ್ಯಾಸ, ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾಲೇಜೊಂದರಲ್ಲಿ 1953-54ರಲ್ಲಿ ಪಾಠ ಹೇಳಿದ ಅನುಭವ. ತಮ್ಮ ಜೊತೆ ಪಾಠ ಹೇಳಲು ಅವರು ಕರೆತಂದವರಲ್ಲಿ ಕವಿ ಸುಧೀಂದ್ರನಾಥ ದತ್ತ ಒಬ್ಬರು. ಅವರ ಹೆಸರಿನ ಮುಂದೆ ಎಂ.ಎ. ಪದವಿ ಇರಲಿಲ್ಲ. ಆದರೆ ಹಲವು ಭಾಷೆಗಳ ಕಾವ್ಯ ಅವರ ನಾಲಗೆಯ ಮೇಲಿತ್ತು. ಮೊದಲ ತಂಡದಲ್ಲಿ ಎಂ.ಎ. ಪಡೆದ ವಿದ್ಯಾರ್ಥಿಗಳಲ್ಲಿ ನವನೀತಾ ದೇವ್ ಸೇನ್ ಒಬ್ಬರು. ಮುಂದೆ ಅವರು ಬಂಗಾಳಿಯ ದೊಡ್ಡ ಲೇಖಕಿಯೂ ಅದೇ ವಿಭಾಗದ ಪ್ರಾಧ್ಯಾಪಕಿಯೂ ಆದರು. 1961ರಲ್ಲಿ ವಿಭಾಗದ ಸಂಶೋಧನಾ ಪತ್ರಿಕೆ ಹೊರಬಂತು. 1963ರಲ್ಲಿ ಬುದ್ಧದೇವರು ರಾಜೀನಾಮೆ ನೀಡಿ ಹೊರಬಂದರು. ಅವರು ಹೋದರೂ ವಿಭಾಗ ಉಳಿಯಿತು.

ಮಿತ್ರರೇ, ಈ ವಿಷಯದ ಪರೀಕ್ಷೆಗೆ ಸಿದ್ಧರಾಗುವ ನೀವು ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡಬೇಕು. ತೌಲನಿಕ ಸಾಹಿತ್ಯ ಎಂದರೆ ಎರಡು ಕೃತಿಗಳನ್ನು ತಕ್ಕಡಿಯಲ್ಲಿಟ್ಟು ಯಾವುದು ಹೆಚ್ಚು ತೂಗುತ್ತದೆ ಎಂದು ತೀರ್ಪು ಕೊಡುವುದಲ್ಲ. ಒಂದರ ಬೆಳಕಿನಲ್ಲಿ ಇನ್ನೊಂದನ್ನು ಕಾಣುವುದು. ಕತೆಯೊಂದು ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋದಾಗ ಏನನ್ನು ಬಿಟ್ಟಿತು, ಏನನ್ನು ಕೂಡಿಸಿಕೊಂಡಿತು, ಏಕೆ ಎಂದು ಕೇಳುವುದು. ಬುದ್ಧದೇವರ ಕೃತಿಗಳನ್ನೇ ಉದಾಹರಣೆಯಾಗಿ ನೋಡಿ.

1957ರಲ್ಲಿ ಅವರು ಕಾಳಿದಾಸನ 'ಮೇಘದೂತ'ವನ್ನು ಬಂಗಾಳಿಗೆ ತಂದರು. ಅದಕ್ಕೆ ಬರೆದ ದೀರ್ಘ ಪೀಠಿಕೆಯಲ್ಲಿ ಸಂಸ್ಕೃತ ಕಾವ್ಯಕ್ಕೂ ಆಧುನಿಕ ಓದುಗನಿಗೂ ನಡುವೆ ಬಿದ್ದಿರುವ ದೂರವನ್ನು ಮುಚ್ಚುಮರೆಯಿಲ್ಲದೆ ಚರ್ಚಿಸಿದರು. 1961ರಲ್ಲಿ ಫ್ರೆಂಚ್ ಕವಿ ಬೋದಿಲೇರ್, 1967ರಲ್ಲಿ ಜರ್ಮನ್ ಕವಿ ಹೋಲ್ಡರ್‌ಲಿನ್, 1970ರಲ್ಲಿ ರಿಲ್ಕೆ ಬಂಗಾಳಿಗೆ ಬಂದರು. ಅನುವಾದವೆಂಬುದು ಅವರಿಗೆ ಬಿಡುವಿನ ವೇಳೆಯ ಕೆಲಸವಾಗಿರಲಿಲ್ಲ. ಒಂದು ಕವಿತೆಯನ್ನು ಅತ್ಯಂತ ಹತ್ತಿರದಿಂದ ಓದುವ ದಾರಿಯೇ ಅದಾಗಿತ್ತು.

ರಾಮಾಯಣ, ಮಹಾಭಾರತಗಳಲ್ಲಿ ಬರುವ ಋಷ್ಯಶೃಂಗನ ಕತೆಯನ್ನು ತೆಗೆದುಕೊಂಡು ಅವರು 'ತಪಸ್ವಿ ಓ ತರಂಗಿಣಿ' ಎಂಬ ನಾಟಕ ಬರೆದರು. 1967ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೆಣ್ಣನ್ನೇ ಕಾಣದೆ ಬೆಳೆದ ಮುನಿಕುಮಾರನನ್ನು ಕರೆತಂದರೆ ಬರಗಾಲದ ನಾಡಿಗೆ ಮಳೆ ಬರುತ್ತದೆ ಎಂಬ ಆ ಕತೆ ಕನ್ನಡಿಗರಿಗೆ ಹೊಸದಲ್ಲ. ಶೃಂಗೇರಿ ಎಂಬ ಹೆಸರನ್ನೇ ನಮ್ಮ ಜನ ಆ ಋಷಿಗೆ ಜೋಡಿಸುತ್ತಾರೆ. ಚಂದ್ರಶೇಖರ ಕಂಬಾರರ 'ಋಷ್ಯಶೃಂಗ' ನಾಟಕದಲ್ಲಿ ಅದೇ ಹೆಸರು, ಅದೇ ಬರಗಾಲ ಉತ್ತರ ಕರ್ನಾಟಕದ ಹಳ್ಳಿಗೆ ಬರುತ್ತವೆ. ಒಂದು ಪುರಾಣಕತೆ, ಎರಡು ಭಾಷೆ, ಎರಡು ನಾಟಕ. ಇವೆರಡನ್ನೂ ಓದಿ ಮೂರು ಪುಟ ಬರೆಯಬಲ್ಲ ವಿದ್ಯಾರ್ಥಿ ಪರೀಕ್ಷೆಗೆ ಅರ್ಧ ಸಿದ್ಧನಾದಂತೆ.

ಅವರ ಕೊನೆಯ ದೊಡ್ಡ ಕೃತಿ 'ಮಹಾಭಾರತೇರ್ ಕಥಾ'. ಮಹಾಭಾರತದ ನಿಜವಾದ ನಾಯಕ ಯುಧಿಷ್ಠಿರ ಎಂಬುದು ಅದರ ವಾದ. ಗ್ರೀಕ್ ಮಹಾಕಾವ್ಯಗಳನ್ನೂ ಪಕ್ಕದಲ್ಲಿಟ್ಟು ಅವರು ಈ ವಾದವನ್ನು ಕಟ್ಟಿದ್ದಾರೆ. ಈಗ ಕನ್ನಡದ ಕಡೆ ತಿರುಗಿ. ಪಂಪನಿಗೆ ಅರ್ಜುನ ನಾಯಕ, ಅವನಲ್ಲಿ ಅರಿಕೇಸರಿಯನ್ನು ಕಂಡ. ರನ್ನನಿಗೆ ಭೀಮ ನಾಯಕ, ಅವನಲ್ಲಿ ಸತ್ಯಾಶ್ರಯನನ್ನು ಕಂಡ. ಕುಮಾರವ್ಯಾಸನ ಕಣ್ಣು ಕೃಷ್ಣನ ಮೇಲೆ. ಇಪ್ಪತ್ತನೆಯ ಶತಮಾನದ ಬಂಗಾಳಿ ಲೇಖಕನಿಗೆ ಮಾತ್ರ ಗೆದ್ದ ಮೇಲೂ ಕೊರಗುವ ಧರ್ಮರಾಯ ಏಕೆ ಬೇಕಾದ? ಅರಮನೆಯ ಕವಿಗಳಿಗೆ ವೀರರೇ ಏಕೆ ಬೇಕಾದರು? ಪಂಪ, ರನ್ನರನ್ನು ಕನ್ನಡದಲ್ಲೇ ಓದಬಲ್ಲ ನಿಮಗೆ ಈ ಪ್ರಶ್ನೆಗೆ ಉತ್ತರಿಸುವ ಒಂದು ಹೆಚ್ಚಿನ ಅನುಕೂಲವಿದೆ.

ಇಲ್ಲಿ ಇನ್ನೊಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಅಬು ಸಯೀದ್ ಅಯ್ಯೂಬ್ 1906ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದವರು. ಮನೆಮಾತು ಉರ್ದು. ಬಾಲಕನಾಗಿದ್ದಾಗ 'ಗೀತಾಂಜಲಿ'ಯನ್ನು ಉರ್ದು ಅನುವಾದದಲ್ಲಿ ಓದಿ ಮನಸೋತರು. ಆ ಕವಿಯನ್ನು ಅವನದೇ ಭಾಷೆಯಲ್ಲಿ ಓದಬೇಕೆಂದು ಬಂಗಾಳಿ ಕಲಿತರು. 1940ರಲ್ಲಿ ಆಧುನಿಕ ಬಂಗಾಳಿ ಕವಿತೆಗಳ ಮಹತ್ವದ ಸಂಕಲನವೊಂದರ ಇಬ್ಬರು ಸಂಪಾದಕರಲ್ಲಿ ಒಬ್ಬರಾದರು. ಬೋದಿಲೇರನನ್ನು ಆಧುನಿಕತೆಯ ಅಳತೆಗೋಲಾಗಿ ಹಿಡಿದ ಬುದ್ಧದೇವರ ನಿಲುವಿಗೆ ಪ್ರತಿಯಾಗಿ, ರವೀಂದ್ರರ ಪರವಾಗಿ 1968ರಲ್ಲಿ 'ಆಧುನಿಕತಾ ಓ ರವೀಂದ್ರನಾಥ' ಎಂಬ ಗ್ರಂಥ ಬರೆದರು. ಅದಕ್ಕೆ 1970ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಾಲಿಬ್ ಮತ್ತು ಮೀರ್ ಅವರ ಗಜಲುಗಳನ್ನು ಬಂಗಾಳಿಗೆ ತಂದವರೂ ಇವರೇ. ಮನೆಯಲ್ಲಿ ಒಂದು ಭಾಷೆ, ಹೊರಗೆ ಇನ್ನೊಂದು ಭಾಷೆ ಎಂಬುದು ಕೊರತೆಯಾಗಿದ್ದರೆ ಅಯ್ಯೂಬರು ಈ ಎತ್ತರಕ್ಕೆ ಏರುತ್ತಿರಲಿಲ್ಲ. ಬುದ್ಧದೇವರಿಗೂ ಅಯ್ಯೂಬರಿಗೂ ಇದ್ದ ಭಿನ್ನಾಭಿಪ್ರಾಯವೇ ಒಂದು ಒಳ್ಳೆಯ ಪರೀಕ್ಷಾ ಪ್ರಶ್ನೆ: ಒಂದು ಭಾಷೆಯ ಕವಿಯನ್ನು ಇನ್ನೊಂದು ಭಾಷೆಯ ಕವಿಯ ಅಳತೆಗೋಲಿನಿಂದ ಅಳೆಯಬಹುದೇ?

ಈಗ ಸಿದ್ಧತೆಯ ಮಾತು. ಪ್ರವೇಶ ಪರೀಕ್ಷೆಯ ಸ್ವರೂಪ ಎಲ್ಲೆಡೆ ಒಂದೇ ಅಲ್ಲ. ಪ್ರಬಂಧರೂಪದ ಉತ್ತರ ಬರೆಸುವ ಪರೀಕ್ಷೆಗಳಿವೆ. 2022ರಲ್ಲಿ ಆರಂಭವಾದ ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ಬಹು ಆಯ್ಕೆಯ ಪ್ರಶ್ನೆಗಳನ್ನು ಕಂಪ್ಯೂಟರಿನಲ್ಲಿ ಉತ್ತರಿಸಬೇಕು. ಜಾದವಪುರ, ಹೈದರಾಬಾದ್ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯದ ಅಧ್ಯಯನ ಬಹುಕಾಲದಿಂದ ನಡೆದುಬಂದಿದೆ. ನೀವು ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನು ನೀವೇ ಪೂರ್ತಿ ಓದಿ, ಯಾವ ಪತ್ರಿಕೆ, ಎಷ್ಟು ಅವಧಿ ಎಂಬುದನ್ನು ಬರೆದಿಟ್ಟುಕೊಳ್ಳಿ. ಮುಂದೆ ಅಧ್ಯಾಪಕ ವೃತ್ತಿಗೆ ಬೇಕಾದ ನೆಟ್ ಪರೀಕ್ಷೆಯಲ್ಲೂ ತೌಲನಿಕ ಸಾಹಿತ್ಯ ಒಂದು ಪ್ರತ್ಯೇಕ ವಿಷಯ ಎಂಬುದು ನೆನಪಿರಲಿ.

ಪರೀಕ್ಷೆ ಯಾವ ರೂಪದಲ್ಲಿದ್ದರೂ ಕೆಲವು ಸಂಗತಿಗಳು ಗೊತ್ತಿರಬೇಕು. 1827ರಲ್ಲಿ ಜರ್ಮನ್ ಕವಿ ಗಯಟೆ ವಿಶ್ವಸಾಹಿತ್ಯದ ಮಾತು ಆಡಿದ್ದು, 1886ರಲ್ಲಿ ಪೋಸ್ನೆಟ್ ಈ ವಿಷಯದ ಹೆಸರಿನಲ್ಲೇ ಇಂಗ್ಲಿಷ್ ಗ್ರಂಥ ಬರೆದದ್ದು, 1907ರ ರವೀಂದ್ರರ ಉಪನ್ಯಾಸ, 1956ರ ಜಾದವಪುರ ವಿಭಾಗ. ಪ್ರಭಾವ, ಸ್ವೀಕಾರ, ಸಾಹಿತ್ಯ ಪ್ರಕಾರ, ವಸ್ತು, ಅನುವಾದ ಎಂಬ ಪರಿಕಲ್ಪನೆಗಳು. ಇವನ್ನು ಬಾಯಿಪಾಠ ಮಾಡಿದರೆ ಸಾಲದು. ಪ್ರತಿಯೊಂದಕ್ಕೂ ನಿಮ್ಮ ಓದಿನಿಂದಲೇ ಒಂದು ಉದಾಹರಣೆ ಕೈಯಲ್ಲಿರಬೇಕು. ಪ್ರಭಾವಕ್ಕೆ ಉದಾಹರಣೆ ಬೇಕೇ? ಪಾರಸಿ ಕವಿ ಹಾಫಿಜ್‌ನನ್ನು ಅನುವಾದದಲ್ಲಿ ಓದಿದ ಗಯಟೆ 1819ರಲ್ಲಿ ಪೂರ್ವ-ಪಶ್ಚಿಮಗಳನ್ನು ಬೆಸೆಯುವ ತನ್ನ 'ದಿವಾನ್' ಪ್ರಕಟಿಸಿದ. ನೂರಕ್ಕೂ ಹೆಚ್ಚು ವರ್ಷಗಳ ಬಳಿಕ, 1923ರಲ್ಲಿ, ಇಕ್ಬಾಲ್ ಅದಕ್ಕೆ ಉತ್ತರವಾಗಿ ಪಾರಸಿಯಲ್ಲಿ 'ಪಯಾಮೆ ಮಶ್ರಿಕ್' ಬರೆದರು. ಶೀರಾಜ್‌ನಿಂದ ವೈಮಾರ್‌ಗೆ, ವೈಮಾರ್‌ನಿಂದ ಲಾಹೋರ್‌ಗೆ ಹೋದ ಈ ಕಾವ್ಯದ ದಾರಿಯನ್ನು ವಿವರಿಸಬಲ್ಲವರಿಗೆ ಪ್ರಭಾವ ಎಂದರೇನು ಎಂದು ಬೇರೆ ಹೇಳಿಕೊಡಬೇಕಾಗಿಲ್ಲ.

ಒಂದು ಇನ್ನೂರು ಪುಟದ ನೋಟ್‌ಬುಕ್ ಮಾಡಿಕೊಳ್ಳಿ. ಎಡಪುಟದಲ್ಲಿ ಒಂದು ಕೃತಿ, ಬಲಪುಟದಲ್ಲಿ ಬೇರೆ ಭಾಷೆಯ ಇನ್ನೊಂದು ಕೃತಿ. ವಾರಕ್ಕೆ ಒಂದು ಜೋಡಿ ಸಾಕು. ಒಂದು ಗಜಲು ಮತ್ತು ಒಂದು ಭಾವಗೀತೆ, ಒಂದು ಉರ್ದು ಸಣ್ಣಕತೆ ಮತ್ತು ಒಂದು ಕನ್ನಡ ಸಣ್ಣಕತೆ. ಸಾಮ್ಯವೇನು, ವ್ಯತ್ಯಾಸವೇನು, ಆ ವ್ಯತ್ಯಾಸಕ್ಕೆ ಭಾಷೆ ಕಾರಣವೋ, ಕಾಲ ಕಾರಣವೋ, ಲೇಖಕ ಕಾರಣವೋ ಎಂದು ಹತ್ತು ಸಾಲು ಬರೆಯಿರಿ. ಒಂದು ಕವಿತೆಯನ್ನು ನೀವೇ ಅನುವಾದಿಸಿ ನೋಡಿ. ಯಾವ ಪದ ದಾಟಲು ಒಲ್ಲೆ ಎನ್ನುತ್ತದೋ ಅಲ್ಲಿಯೇ ನಿಮ್ಮ ಪ್ರಬಂಧ ಆರಂಭವಾಗುತ್ತದೆ. ತಿಂಗಳಿಗೊಮ್ಮೆ ಗಡಿಯಾರ ಮುಂದಿಟ್ಟುಕೊಂಡು ಇಂಗ್ಲಿಷಿನಲ್ಲಿ ಒಂದು ಉತ್ತರ ಬರೆದು ತಿಳಿದವರಿಂದ ತಿದ್ದಿಸಿಕೊಳ್ಳಿ. ಇಂಗ್ಲಿಷ್ ತಪ್ಪಾದೀತೆಂದು ಅಂಜಿ ಓದನ್ನೇ ನಿಲ್ಲಿಸಬೇಡಿ. ಭಾಷೆಯ ತಪ್ಪನ್ನು ತಿದ್ದಬಹುದು. ಓದದೇ ಇದ್ದದ್ದನ್ನು ಪರೀಕ್ಷೆಯ ಹಿಂದಿನ ರಾತ್ರಿ ಯಾರೂ ತುಂಬಿಕೊಡಲಾರರು.

ಬುದ್ಧದೇವ ಬಸು ಅವರಿಗೆ 1970ರಲ್ಲಿ ಪದ್ಮಭೂಷಣ ಬಂತು. 1974ರ ಮಾರ್ಚ್ 18ರಂದು ಕಲ್ಕತ್ತೆಯಲ್ಲಿ ಅವರು ನಿಧನರಾದರು. 'ಮಹಾಭಾರತೇರ್ ಕಥಾ' ಪುಸ್ತಕವಾದದ್ದೂ ಅದೇ ವರ್ಷ. ಹುಟ್ಟಿದ ದಿನದಿಂದಲೇ ಕಳೆದುಕೊಳ್ಳುತ್ತಾ ಬಂದ ಆ ಜೀವ, ಹುಟ್ಟೂರನ್ನೂ ಓದಿದ ಊರನ್ನೂ ಗಡಿಯಾಚೆಗೆ ಬಿಟ್ಟುಕೊಡಬೇಕಾಗಿ ಬಂದ ಆ ಜೀವ, ಭಾಷೆಗಳನ್ನು ಮಾತ್ರ ಕೊನೆಯವರೆಗೆ ಕೂಡಿಸುತ್ತಲೇ ಹೋಯಿತು.

ನನ್ನ ವಿದ್ಯಾರ್ಥಿನಿಯ ಸುದ್ದಿ ಹೇಳಿ ಮುಗಿಸುತ್ತೇನೆ. ಮೊದಲ ಸಲ ಪರೀಕ್ಷೆ ಬರೆದಾಗ ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಅಳುತ್ತಾ ಬಂದಾಳೆಂದು ನಾನು ಅಂದುಕೊಂಡಿದ್ದೆ. ನೋಟ್‌ಬುಕ್ ಹಿಡಿದು ಬಂದಳು. ಎಡಪುಟದಲ್ಲಿ ಅವಳ ನಾನಿ ಹೇಳುತ್ತಿದ್ದ ದಖನಿ ಜೋಗುಳ, ಬಲಪುಟದಲ್ಲಿ ಪಕ್ಕದ ಮನೆಯ ಅಜ್ಜಿ ಹೇಳಿದ ಕನ್ನಡ ಜೋಗುಳ. ಕೆಳಗೆ ಹತ್ತರ ಬದಲು ಮೂವತ್ತು ಸಾಲು ಬರೆದಿದ್ದಳು. ಅವಳು ಮತ್ತೆ ಅರ್ಜಿ ಹಾಕುತ್ತಿದ್ದಾಳೆ. ಮೂರು ಅರ್ಧ ಭಾಷೆಗಳ ಮಾತನ್ನು ಆ ದಿನ ಅವಳು ಎತ್ತಲಿಲ್ಲ.

ನೀವೂ ಎತ್ತಬೇಡಿ. ಪರೀಕ್ಷಾ ಕೊಠಡಿಗೆ ಹೋಗುವಾಗ ನಿಮ್ಮ ಮನೆಮಾತನ್ನು ಬಾಗಿಲ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಹೋಗಬೇಡಿ. ಈ ಒಂದು ವಿಷಯದಲ್ಲಾದರೂ ಅದು ನಿಮ್ಮ ಜೊತೆ ಒಳಗೆ ಬಂದು ಕೂರಬೇಕಾದದ್ದು. ನಿಮ್ಮೆಲ್ಲರಿಗೂ ಶುಭವಾಗಲಿ.